ಜೋಳದ ಹಿಟ್ಟಿನ ಬ್ರೆಡ್: ತಳ ಹಸಿ, ಮೇಲೆ ಪುಡಿಪುಡಿ, ನಡುವೆ ಕುಳಿ. ತಪ್ಪು ಎಲ್ಲಿ?

ಬಿಳಿಜೋಳ (ಕಲಬುರಗಿ)

ಗ್ಲುಟನ್ (ಗೋಧಿಗೆ ಜಿಗುಟು ಕೊಡುವ ಪ್ರೋಟೀನು) ಇಲ್ಲದ ಬ್ರೆಡ್ಡು ಜೋಳದ ಹಿಟ್ಟಿನಲ್ಲಿ ಮೂರು ಸಲ ಹಾಕಿದರೂ ಒಂದೇ ಥರ ಕೆಡ್ತಿದೆ. ಅಳತೆ ಪೂರ್ತಿ ಕೊಡ್ತೀನಿ, ನೋಡಿ ಹೇಳ್ರಿ.

ಜೋಳದ ಹಿಟ್ಟು 250 ಗ್ರಾಂ, ಅಕ್ಕಿ ಹಿಟ್ಟು 100, ಇಸಬ್ಗೋಲ್ ಒಂದು ದೊಡ್ಡ ಚಮಚ (ತೂಗಿದರೆ 5 ಗ್ರಾಂ), ಇನ್‌ಸ್ಟಂಟ್ ಯೀಸ್ಟ್ 10, ಸಕ್ಕರೆ 15, ಉಪ್ಪು 6, ಎಣ್ಣೆ 30, ಬೆಚ್ಚಗಿನ ನೀರು 300 ಮಿ.ಲೀ. ಹತ್ತು ನಿಮಿಷ ನಾದಿ, ಒಂದು ತಾಸು ಉಬ್ಬಲು ಬಿಟ್ಟು, ಅದುಮಿ ಗಾಳಿ ತೆಗೆದು, ಟಿನ್ನಿಗೆ ಹಾಕಿ ಇನ್ನೊಂದು ತಾಸು. ಓಟಿಜಿಯಲ್ಲಿ (ಕರೆಂಟಿನ ಸಣ್ಣ ಓವನ್) 180 ಡಿಗ್ರಿ, 40 ನಿಮಿಷ.

ಉಬ್ಬೋದಂತೂ ಟಿನ್ನಿನ ಅಂಚು ದಾಟಿ ಉಬ್ಬುತ್ತದೆ. ಒಳಗೆ ಇಟ್ಟ ಹತ್ತು ನಿಮಿಷಕ್ಕೆ ನಡುವೆ ಕುಳಿ. ಬಿಸಿ ಇದ್ದಾಗ ಕೊಯ್ದರೆ ತಳದಲ್ಲಿ ಎರಡು ಬೆರಳು ದಪ್ಪ ಹಸಿ ಅಂಟು, ಮೇಲಿನದು ಪುಡಿಪುಡಿ. ಒಂದೇ ಬ್ರೆಡ್ಡಿನಲ್ಲಿ ಹಸಿಯೂ ಇದ್ದು ಪುಡಿಯೂ ಆಗೋದು ಹೇಗೆ ಅನ್ನೋದೇ ತಿಳೀತಿಲ್ಲ.

ತಿನ್ನುವವರಿಗೆ ಸೀಲಿಯಾಕ್ (ಗ್ಲುಟನ್ ತಿಂದರೆ ಕರುಳು ಕೆಡುವ ಕಾಯಿಲೆ) ಇದೆ. "ಒಂದು ಹಿಡಿ ಮೈದಾ ಸೇರಿಸಿ, ಸರಿಹೋಗ್ತದೆ" ಅನ್ನೋ ಸಲಹೆ ದಯವಿಟ್ಟು ಬೇಡ.


ತೂಕದಕಲ್ಲು (ಬೀದರ್)

ಅಕ್ಕಾರ, ನಿಮ್ದು ಗೋಧಿ ಬ್ರೆಡ್ಡಿನ ಪದ್ಧತಿ. ಜೋಳಕ್ಕ ಅದು ನಡೆಯಂಗಿಲ್ಲ. ಒಂದೊಂದೇ ನೋಡೋಣ್ರಿ.

ಇಸಬ್ಗೋಲ್ 5 ಗ್ರಾಂ ಅಂದ್ರ 350 ಗ್ರಾಂ ಹಿಟ್ಟಿಗೆ ನೂರಕ್ಕ ಒಂದೂವರಿ ಸುದ್ಧಾ ಆಗಲಿಲ್ಲ. ನೂರಕ್ಕ ಐದೂವರಿಯಿಂದ ಆರು ಬೇಕು, ಅಂದ್ರ 20 ಗ್ರಾಂ. ಗೋಧಿಯಾಗ ಗಾಳಿ ಹಿಡಿಯೋದು ಗ್ಲುಟನ್, ಇಲ್ಲಿ ಹಿಡಿಯೋದು ಇಸಬ್ಗೋಲಿನ ಲೋಳಿ. ಲೋಳಿ ಕಡಿಮಿ ಇದ್ರ ಗುಳ್ಳಿ ನಿಲ್ಲಂಗಿಲ್ಲ, ಎಲ್ಲಾ ಒಡೆದು ತಳಕ್ಕ ಕೂಡ್ತದ. ತಳ ಹಸಿ, ಮ್ಯಾಲ ಪುಡಿ ಆಗೋದು ಹಿಂಗ: ಹಿಟ್ಟು ನೀರು ಹಿಡಕೊಳ್ಳದ ನೀರು ಕೆಳಗ ಇಳೀತು, ಮ್ಯಾಲಿಂದು ಒಣಗಿ ಉದುರ್ತು. ಎರಡಕ್ಕೂ ಕಾರಣ ಒಂದೇ.

ಎರಡ ಸಲ ಉಬ್ಬಿಸೋದು ಬ್ಯಾಡ. ಗೋಧಿ ಹಿಟ್ಟು ಅದುಮಿದ್ರ ಹೊಳ್ಳಿ ಎದ್ದು ನಿಲ್ತದ, ಇದು ನಿಲ್ಲಂಗಿಲ್ಲ. ಕಲಸಿದ ಕೂಡ್ಲೇ ಟಿನ್ನಿಗೆ ಹಾಕ್ರಿ, ಒಂದೇ ಸಲ ಉಬ್ಬಿಸ್ರಿ. ಹತ್ತು ನಿಮಿಷ ನಾದೋದೂ ಸುಮ್ನ ಕೈ ನೋವು. ನಾದಿ ಬೆಳಸೋ ಗ್ಲುಟನ್ನೇ ಇಲ್ಲಂದ ಮ್ಯಾಲ ಎಲ್ಲಾ ಕಡೆ ಸಮ ಕೂಡೋ ತನಕ ಕಲಸಿದ್ರ ಸಾಕು.

ಯೀಸ್ಟ್ 10 ಗ್ರಾಂ ಈ ಬ್ಯಾಸಿಗಿಗೆ ಡಬಲ್ ಆಯ್ತು. ಅಂಚು ದಾಟಿ ಉಬ್ಬಿದ್ದು ಚಲೋ ಲಕ್ಷಣ ಅಲ್ಲ, ಅಲ್ಲೇ ಕೆಟ್ಟದ್ದು ಅದು.

ಕಡೀದು, 180ಕ್ಕ 40 ನಿಮಿಷ ಅಂದ್ರ ನಡು ಬೇಯಂಗೇ ಇಲ್ಲ. ಇಂಥ ಬ್ರೆಡ್ಡಿನಾಗ ನೀರು ಹಿಟ್ಟಿಗಿಂತ ಜಾಸ್ತಿ ಇರಬೇಕಾಗ್ತದ. ಅದು ಹೊರಗ ಹೋಗಬೇಕಾದ್ರ ತಾಸಿನ ಮ್ಯಾಲ ಬೇಕು.


ಹರವಿನೀರು (ಸೇಡಂ)

ಮೇಲಿನದಕ್ಕೆ ಒಂದೇ ಮಾತು ಸೇರಿಸ್ತೀನಿ: ಬಿಸಿ ಇದ್ದಾಗ ಕೊಯ್ದಿರೋದು ಕೂಡ ತಪ್ಪು. ಅರ್ಧ ಅಂಟು ಅದರಿಂದಲೇ. ಕನಿಷ್ಠ ಮೂರು ತಾಸು ಆರಲಿ.


ತೂಕದಕಲ್ಲು (ಬೀದರ್)

ಖರೇ. ಈಗ ಅಳತಿ ಬರಕೊಳ್ರಿ. 21 ಸೆಂ.ಮೀ. ಉದ್ದ, 11 ಅಗಲ, ಆರೂವರಿ ಎತ್ತರದ ಟಿನ್ನಿಗೆ ಇದು ಸರಿ.

ಜೋಳದ ಹಿಟ್ಟು 160 ಗ್ರಾಂ
ಅಕ್ಕಿ ಹಿಟ್ಟು 90
ಟಾಪಿಯೋಕಾ ಸ್ಟಾರ್ಚ್ 100
ಇಸಬ್ಗೋಲ್ ಹೊಟ್ಟು 20 (ಪುಡಿ ಇದ್ರ 17)
ನೀರು 400
ಇನ್‌ಸ್ಟಂಟ್ ಯೀಸ್ಟ್ 5, ಚಳಿಗಾಲಕ್ಕ 7
ಸಕ್ಕರಿ 12
ಉಪ್ಪು 7
ಎಣ್ಣಿ 25
ನಿಂಬಿ ರಸ ಒಂದು ಸಣ್ಣ ಚಮಚ

ಎಲ್ಲಾ ತೂಗಿ ಹಾಕ್ರಿ, ನೀರು ಸುದ್ಧಾ. ವಾಟಿಲೆ ಅಳದ್ರ ಗಿರಣಿ ಹಿಟ್ಟು ಒಮ್ಮೆ 110 ಗ್ರಾಂ ಕೂಡ್ತದ, ಒಮ್ಮೆ 140. ಅಷ್ಟು ಫರಕು ಬಂದ್ರ ಮುಂದ ಯಾವ ಲೆಕ್ಕನೂ ಹತ್ತಂಗಿಲ್ಲ.

ಮೊದಲ 400ರಾಗ 300 ಮಿ.ಲೀ. ನೀರಿಗೆ ಇಸಬ್ಗೋಲ್ ಉದುರಿಸ್ಕೋತ ಕಡಗೋಲಿಲೆ ತಿರುವ್ರಿ. ನೀರಿನ ಮ್ಯಾಲ ಒಮ್ಮೆಲೇ ಸುರದ್ರ ಗಂಟು ಆಗ್ತಾವ, ಆಮ್ಯಾಲ ಒಡಿಯಂಗಿಲ್ಲ. ಹತ್ತು ನಿಮಿಷ ಬಿಡ್ರಿ. ಮೊದಲ ತೆಳ್ಳಗ ಗಂಜಿ ಹಂಗ ಇದ್ದದ್ದು ಐದನೇ ನಿಮಿಷಕ್ಕ ಲೋಳಿ ಆಗ್ತದ, ಹತ್ತನೇ ನಿಮಿಷಕ್ಕ ಪಾತ್ರಿ ವಾಲಿಸಿದ್ರ ಹರಿಯಂಗಿಲ್ಲ, ಇಡೀ ಮುದ್ದಿ ಒಂದೇ ಸಲ ಜಾರ್ತದ. ಆ ಹದ ಬಂದಿಲ್ಲಂದ್ರ ನಿಮ್ಮ ಇಸಬ್ಗೋಲ್ ಹಳೀದು, ಇಲ್ಲಾ ಕಲಬೆರಕಿ. ಔಷಧ ಅಂಗಡ್ಯಾಗ ಸಿಗೋದೇ ತರ್ರಿ, ಆದ್ರ ಸಾದಾದು. ಕಿತ್ತಳಿ ವಾಸನಿದು, ಸಕ್ಕರಿ ಸೇರಿಸಿದ್ದು ಬ್ಯಾಡ.

ಇನ್ನೊಂದು ಪಾತ್ರ್ಯಾಗ ಹಿಟ್ಟು, ಯೀಸ್ಟ್, ಸಕ್ಕರಿ, ಉಪ್ಪು ಒಣದೇ ಕೂಡಿಸ್ರಿ. ಲೋಳಿ, ಉಳಿದ 100 ನೀರು, ಎಣ್ಣಿ, ನಿಂಬಿ ರಸ ಹಾಕಿ ಮೂರು ನಾಕು ನಿಮಿಷ ಕೈಲೆ ಹಿಸುಕಿ ಕೂಡಿಸ್ರಿ. ಲೋಳಿಯ ಎಳಿ ಕಾಣಬಾರದು. ಹದ ಉದ್ದಿನ ವಡಿ ಹಿಟ್ಟಿನಂಗ: ಒದ್ದಿ ಕೈಲೆ ಎತ್ತಿದ್ರ ಆಕಾರ ನಿಲ್ಲಬೇಕು, ರೊಟ್ಟಿ ಹಿಟ್ಟಿನಷ್ಟು ಗಟ್ಟಿ ಇರಬಾರದು. ಒದ್ದಿ ಕೈಲೆ ಉದ್ದಕ ಮಾಡಿ ಟಿನ್ನಿಗೆ ಇಟ್ಟು, ಮೂಲಿ ನಾಕೂ ಒತ್ತಿ, ಮ್ಯಾಲ ನೀರು ಸವರಿ ನುಣ್ಣಗ ಮಾಡ್ರಿ. ಟಿನ್ನಿನ ಅರ್ಧಕ್ಕಿಂತ ತುಸು ಮ್ಯಾಲ ಬರ್ತದ. ಅಂಚಿಗೆ ಇನ್ನ ಒಂದು ಸೆಂ.ಮೀ. ಇದೆ ಅನ್ನೋವಾಗ ಓವನ್ನಿಗೆ ಹೋಗಬೇಕು. ಪೂರಾ ಅಂಚಿಗೆ ಬರೋ ತನಕ ಕಾಯಬ್ಯಾಡ್ರಿ.


ಭೀಮಾತೀರ (ಯಾದಗಿರಿ)

ಅಣ್ಣಾರ, ಅಕ್ಕಿ ಹಿಟ್ಟಿನ ಬಗ್ಗೆ ಒಂದು ಮಾತು ಬಿಟ್ರಿ. ಅಂಗಡಿಯ ಅಕ್ಕಿ ಹಿಟ್ಟು ರವೆ ರವೆ ಇದ್ದರೆ ಬ್ರೆಡ್ಡು ಹಲ್ಲಿಗೆ ಮರಳಿನಂತೆ ಸಿಗ್ತದೆ. ಶಹಾಪುರ, ಸುರಪುರ ಕಡೆ ಕಾಲುವೆ ನೀರಿನ ಭತ್ತ ಬೆಳೆಯೋದರಿಂದ ನಮ್ಮಲ್ಲಿ ಅಕ್ಕಿಗೆ ಬರವಿಲ್ಲ. ಸೋನಾ ಮಸೂರಿ ತೊಳೆದು, ಎರಡು ತಾಸು ನೆನೆಸಿ, ಬಟ್ಟೆಯ ಮೇಲೆ ನೆರಳಲ್ಲಿ ಒಣಗಿಸಿ, ಕೈಗೆ ತುಸು ತಂಪು ಇರುವಾಗಲೇ ಮಿಕ್ಸಿಗೆ ಹಾಕಿದರೆ ನಯವಾಗಿ ಬರ್ತದೆ. ಸಣ್ಣ ಕಣ್ಣಿನ ಸಾಣಿಗೆಯಲ್ಲಿ ಎರಡು ಸಲ ಹಿಡೀರಿ. ಆದರೆ ಈ ಹಿಟ್ಟಿನಲ್ಲಿ ತೇವ ಇರೋದರಿಂದ ನೀರು 10, 15 ಮಿ.ಲೀ. ಕಡಿಮೆ ಮಾಡಬೇಕು. ಡಬ್ಬಿಯಲ್ಲಿ ತುಂಬಿಡೋದಾದರೆ ಪೂರ್ತಿ ಒಣಗಿಸಿ, ಇಲ್ಲಾಂದ್ರೆ ಬೂಸು ಹಿಡೀತದೆ.


ಗಿರಣಿಕಲ್ಲು (ಆಳಂದ)

ಬ್ರೆಡ್ಡು ಉಬ್ಬೋದು ಆಮೇಲಿನ ಮಾತು. ಸೀಲಿಯಾಕ್ ಅಂದರಲ್ಲ, ಜೋಳ ಎಲ್ಲಿ ಬೀಸಿಸ್ತಿದೀರಿ ಅಂತ ಯಾರೂ ಕೇಳಲಿಲ್ಲ!

ಓಣಿಯ ಗಿರಣಿಯಲ್ಲಿ ಒಂದೇ ಕಲ್ಲಿಗೆ ಗೋಧಿ, ಜೋಳ, ಕಡಲೆಬೇಳೆ ಎಲ್ಲ ಬೀಳುತ್ತವೆ. ಕಲ್ಲಿನ ಸಂದಿಯಲ್ಲಿ, ಹಿಟ್ಟು ಇಳಿಯೋ ಬಾಯಿಗೆ ಕಟ್ಟಿದ ಬಟ್ಟೆಯಲ್ಲಿ ಹಿಂದಿನವರ ಗೋಧಿ ಕೂತಿರುತ್ತದೆ. ನಿಮ್ಮ ಜೋಳದ ಮೊದಲ ಹಿಡಿ ಹಿಟ್ಟು ಅದನ್ನು ಬಳಿದುಕೊಂಡೇ ಕೆಳಗೆ ಬರುತ್ತದೆ.

ಗ್ಲುಟನ್ ಇಲ್ಲ ಅನ್ನಬೇಕಾದರೆ ಕಿಲೋಕ್ಕೆ 20 ಮಿಲಿಗ್ರಾಂ ಮೀರಬಾರದು. ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ಮಿತಿ ಇದೇ, ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಮಿತಿಯೂ ಇದೇ. ಇದನ್ನು ಗೋಧಿಗೆ ಇಳಿಸಿ ನೋಡಿ. ಗೋಧಿ ಹಿಟ್ಟಿನಲ್ಲಿ ಗ್ಲುಟನ್ ಸುಮಾರು ನೂರಕ್ಕೆ ಎಂಟು ಅಂತ ಹಿಡಿದರೆ, ಒಂದು ಕಿಲೋ ಜೋಳದ ಹಿಟ್ಟಿಗೆ ಕಾಲು ಗ್ರಾಂ ಗೋಧಿ ಹಿಟ್ಟು ಸೇರಿದರೆ ಮಿತಿ ಮುಗಿಯಿತು. ಕಾಲು ಗ್ರಾಂ ಅಂದರೆ ಒಂದು ಚಿಟಿಕೆ. ಕಾಳಿನ ಲೆಕ್ಕದಲ್ಲಿ ಆರೇಳು ಗೋಧಿ ಕಾಳು.

ಆದ್ದರಿಂದ ಗಂಜಿನಿಂದ (ಧಾನ್ಯದ ಮಾರುಕಟ್ಟೆ) ತಂದ ಜೋಳವನ್ನೂ ಹಸನು ಮಾಡದೆ ಬಳಸಬಾರದು. ಹಿಂಗಾರಿ ಜೋಳ, ಗೋಧಿ ಎರಡೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಕೊಯ್ಲಿಗೆ ಬರೋದು, ಒಂದೇ ರಾಶಿ ಮಷೀನಿಗೆ ಬೀಳೋದು. ಮೊರದಲ್ಲಿ ಕೇರಿ, ತಟ್ಟೆಯಲ್ಲಿ ಒಂದೊಂದು ಹಿಡಿ ಹರಡಿ ಆರಿಸಿ, ತೊಳೆದು, ಒಣಗಿಸಿ. ಬೀಸಲು ಮನೆ ಗಿರಣಿಯೇ ಆಗಬೇಕು, ಅದರಲ್ಲಿ ಗೋಧಿ ಬೀಳಲೇಬಾರದು. ಅದಿಲ್ಲದಿದ್ದರೆ ಮಿಕ್ಸಿ: ಒಮ್ಮೆಗೆ 150 ಗ್ರಾಂ, ಅರ್ಧ ನಿಮಿಷ ತಿರುಗಿಸಿ ಬಿಟ್ಟು ಮತ್ತೆ ಅರ್ಧ ನಿಮಿಷ, ಸಾಣಿಗೆ ಹಿಡಿದು ಉಳಿದ ನುಚ್ಚು ಮತ್ತೆ ಮಿಕ್ಸಿಗೆ. ಜಾರು ಬಿಸಿಯಾಗಲು ಬಿಡಬೇಡಿ.

"ಗಿರಣಿಯವರಿಗೆ ಹೇಳಿ ಮೊದಲು ಎರಡು ಕಿಲೋ ಬೀಸಿ ಚೆಲ್ಲಿದರೆ ಸಾಕಲ್ವಾ" ಅಂತ ಮುಂದಿನ ಪ್ರಶ್ನೆ ಬರುತ್ತದೆ. ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಗಿರಣಿಯ ಗಾಳಿಯಲ್ಲೇ ಗೋಧಿ ಹಿಟ್ಟು ತೇಲುತ್ತಿರುತ್ತದೆ. ಸೀಲಿಯಾಕ್ ಇರುವವರಿಗೆ ಇದು ಸಾಲದು.

ಸಾಣಿಗೆ, ಮರದ ಲಟ್ಟಣಿಗೆ, ಗೀರು ಬಿದ್ದ ನಾನ್‌ಸ್ಟಿಕ್ ಟಿನ್ನು ಇವು ಮೂರನ್ನು ತೊಳೆದು ಗೋಧಿ ಬಿಡಿಸಲು ಆಗುವುದಿಲ್ಲ, ಬೇರೆಯದೇ ಇಡಿ. ಸ್ಟೀಲು, ಗಾಜು ಉಜ್ಜಿ ತೊಳೆದರೆ ಸಾಕು.


ಹೊಸಒಲೆ (ಬಸವಕಲ್ಯಾಣ)

ಇಷ್ಟೆಲ್ಲಾ ಯಾಕ್ರಿ? ಜವಿಗೋಧಿಯಾಗ ಗ್ಲುಟನ್ ಇರಂಗಿಲ್ಲ ಅಂತಾರಲ್ಲ. ಹುಗ್ಗಿ ಮಾಡೋ ಗೋಧಿ. ಹಳೇ ತಳಿ, ಸಕ್ಕರಿ ಕಾಯಿಲಿಗೂ ಚಲೋ ಅಂತಾರ. ಅದರ ಬ್ರೆಡ್ಡು ಭಾಳ ಸುಲಭ.


ಗಿರಣಿಕಲ್ಲು (ಆಳಂದ)

ತಪ್ಪು, ಅಣ್ಣಾರ. ಜವಿಗೋಧಿ, ಸದಕ, ಕಪ್ಲಿ ಯಾವ ಹೆಸರಿಂದ ಕರೆದರೂ ಅದು ಗೋಧಿಯೇ. ಗ್ಲುಟನ್ ಇದ್ದೇ ಇದೆ. ಸೀಲಿಯಾಕ್ ಇರುವವರು ಮುಟ್ಟಬಾರದು. ಬಾರ್ಲಿ, ಅದರಿಂದ ಮಾಡೋ ಮಾಲ್ಟ್ ಪುಡಿಗಳು, ರವೆ, ಶ್ಯಾವಿಗೆ ಎಲ್ಲವೂ ಅದೇ ಸಾಲು. ಓಟ್ಸ್‌ನಲ್ಲಿ ಗೋಧಿ ಬೆರೆತಿರೋದು ಹೆಚ್ಚು, ಗ್ಲುಟನ್ ಇಲ್ಲ ಅಂತ ಪ್ಯಾಕೆಟ್ಟಿನ ಮೇಲೆ ಬರೆದಿರದಿದ್ದರೆ ಬೇಡ.

ಹೆಸರಿನಲ್ಲಿ ಇನ್ನೊಂದು ಗೊಂದಲ: ಸಜ್ಜಿ ಬೇರೆ, ಸಜ್ಜಿಗಿ ಬೇರೆ. ಸಜ್ಜಿಯಲ್ಲಿ ಗ್ಲುಟನ್ ಇಲ್ಲ. ಸಜ್ಜಿಗಿ ಅಂದರೆ ಗೋಧಿ ರವೆ.

ಜೀರಿಗೆ, ಓಂಕಾಳು ಹಾಕಿ ಖಾರದ ಬ್ರೆಡ್ಡು ಮಾಡೋರು ಇಂಗಿನ ಡಬ್ಬಿ ತಿರುಗಿಸಿ ಓದಿ. ಅಂಗಡಿಯ ಕೂಟು ಇಂಗಿಗೆ ಬಹಳ ಸಲ ಮೈದಾ ಬೆರೆಸಿರುತ್ತಾರೆ. ಅಕ್ಕಿ ಹಿಟ್ಟು ಬೆರೆಸಿದ್ದೂ ಸಿಗುತ್ತದೆ.


ಹರವಿನೀರು (ಸೇಡಂ)

ಸುಮ್ಮನೆ ಹೊಟ್ಟೆ ಉಬ್ಬರ ಅಂತ ತಾವೇ ಗೋಧಿ ಬಿಡಲು ಹೊರಟವರು ಯಾರಾದರೂ ಇದನ್ನು ಓದ್ತಿದ್ದರೆ: ರಕ್ತ ಪರೀಕ್ಷೆ ಮೊದಲು, ಗೋಧಿ ಬಿಡೋದು ಆಮೇಲೆ. ಗೋಧಿ ತಿನ್ನೋದು ನಿಲ್ಲಿಸಿದ ಮೇಲೆ ಪರೀಕ್ಷೆ ಮಾಡಿಸಿದರೆ ಸೀಲಿಯಾಕ್ ಇದ್ದರೂ ಇಲ್ಲ ಅಂತ ಬರಬಹುದು. ಡಾಕ್ಟರ್ ಹತ್ತಿರ ಕೇಳಿ.


ಎಸರು (ಕಲಬುರಗಿ)

ಇಸಬ್ಗೋಲ್ 20 ಗ್ರಾಂ ಭಾಳ ಆಯ್ತು ಅಂತ ನನ್ನ ಮಾತು. ರೊಟ್ಟಿ ಬಡಿಯೋ ಊರಾಗ ಕುಂತು ಜೋಳಕ್ಕ ಜಿಗಿ ಬರಿಸೋದು ಔಷಧ ಅಂಗಡಿಯಿಂದ ಕಲೀಬೇಕೇನ್ರಿ? ಎಸರು ಯಾಕ ಇಡ್ತೀವಿ? ತಣ್ಣೀರಾಗ ಕಲಸಿದ ಜೋಳದ ಹಿಟ್ಟು ಬಡಿಯೋ ಮುಂದ ಹರೀತದ, ಕುದಿಯೋ ಎಸರಾಗ ಕಲಸಿದ್ದು ಹರಿಯಂಗಿಲ್ಲ. ಜೋಳದ ಪಿಷ್ಟ ಸುಮಾರು 68ರಿಂದ 78 ಡಿಗ್ರಿಗೆ ಬಿರೀತದ, ಗೋಧಿಗಿಂತ ಜಾಸ್ತಿ ಬಿಸಿ ಬೇಕು. ಬಿರಿದ ಪಿಷ್ಟನೇ ಅಂಟು, ಅದೇ ನೀರೂ ಹಿಡಕೋತದ.

ಬ್ರೆಡ್ಡಿಗೂ ಅದೇ ಮಾಡ್ರಿ. 160ರಾಗ 60 ಗ್ರಾಂ ಜೋಳದ ಹಿಟ್ಟು ತಗೊಂಡು, 180 ಮಿ.ಲೀ. ನೀರು ಬುಳುಬುಳು ಕುದಿಯೋ ಮುಂದ ಒಲಿ ಮ್ಯಾಲೇ ಹಾಕಿ, ಸಣ್ಣ ಉರಿ ಮ್ಯಾಲ ಒಂದು ನಿಮಿಷ ತಿರುವ್ರಿ. ಗಟ್ಟಿ ಅಂಬಲಿ ಹಂಗ ಆಗಿ ಪಾತ್ರಿ ತಳ ಬಿಡ್ತದ. ಮುಚ್ಚಿ ಆರಸ್ರಿ. ಉಳಿದ 220 ನೀರಾಗ ಇಸಬ್ಗೋಲ್ 14 ಗ್ರಾಂ ಸಾಕು. ಮುಂದಿಂದು ಎಲ್ಲಾ ಮ್ಯಾಲ ಹೇಳಿದಂಗೇ.

ಒಂದು ಎಚ್ಚರ: ಎಸರಿನ ಮುದ್ದಿ ಮ್ಯಾಲ ಆರಿದಂಗ ಕಾಣ್ತದ, ನಡು ಕುದೀತಿರ್ತದ. ಬೆರಳು ನಡುವಿನ ತನಕ ಚುಚ್ಚಿ ನೋಡ್ರಿ. 40ರ ಕೆಳಗ ಇಳಿಯೋ ತನಕ ಯೀಸ್ಟ್ ಕೂಡಿಸಬ್ಯಾಡ್ರಿ. 55, 60 ಡಿಗ್ರಿಗೆ ಯೀಸ್ಟ್ ಸತ್ತೇ ಹೋಗ್ತದ.


ತೂಕದಕಲ್ಲು (ಬೀದರ್)

ಎಸರಿನ ಮಾತು ಒಪ್ಪಿದೆ, ಅಣ್ಣಾರ. ತಿಂದ್ರ ಮೆತ್ತಗ, ಎರಡನೇ ದಿನಕ್ಕೂ ಒಣಗಂಗಿಲ್ಲ. ಆದ್ರ ಇಸಬ್ಗೋಲ್ ಪೂರಾ ಬಿಟ್ಟು ಬರೇ ಎಸರಿನ ಮ್ಯಾಲ ಮಾಡೀವಿ ಅಂದ್ರ ಬ್ರೆಡ್ಡಾಗಂಗಿಲ್ಲ, ದಪ್ಪ ರೊಟ್ಟಿ ಆಗ್ತದ. ರೊಟ್ಟಿಗೆ ಬೇಕಾದ್ದು ಹರೀದಂಗ ನಿಲ್ಲೋ ಜಿಗಿ. ಬ್ರೆಡ್ಡಿಗೆ ಬೇಕಾದ್ದು ಗಾಳಿ ತುಂಬಿದಂಗೆ ಹಿಗ್ಗೋ ಜಿಗಿ. ಎಸರು ಮೊದಲಿಂದು ಕೊಡ್ತದ, ಎರಡನೇದು ಕೊಡಂಗಿಲ್ಲ. 14ರ ಕೆಳಗ ಇಳಿಬ್ಯಾಡ್ರಿ.


ಎಸರು (ಕಲಬುರಗಿ)

ನಡೀರಿ, 14ಕ್ಕ ರಾಜಿ. ಆದ್ರ ಹಿಟ್ಟು ಹೊಸದಿರಬೇಕು. ಬೀಸಿ ತಿಂಗಳಾದ ಹಿಟ್ಟಿಗೆ ಎಸರು ಇಟ್ರೂ ಜಿಗಿ ಬರಂಗಿಲ್ಲ, ರೊಟ್ಟಿಯೂ ಹರೀತದ, ಬ್ರೆಡ್ಡೂ ಒಡೀತದ. ಹಿಂಗಾರಿ ಬಿಳಿಜೋಳ, ಮಾಲದಂಡಿ ತಳಿ ಸಿಕ್ರ ಅದೇ ತರ್ರಿ. ಮಳಿಗೆ ಸಿಕ್ಕು ಕಪ್ಪು ತಿರುಗಿದ ಮುಂಗಾರಿ ಜೋಳದ್ದು ಕಹಿ ಬರ್ತದ, ರೊಟ್ಯಾಗ ಗೊತ್ತಾಗದಿದ್ರೂ ಬ್ರೆಡ್ಡಿನಾಗ ಗೊತ್ತಾಗ್ತದ.


ಭೀಮಾತೀರ (ಯಾದಗಿರಿ)

ಟಾಪಿಯೋಕಾ ಸ್ಟಾರ್ಚ್ ಯಾದಗಿರಿಯ ಕಿರಾಣಿ ಅಂಗಡಿಗಳಲ್ಲಿ ಕೇಳಿದರೆ ಸಾಬೂದಾಣಿ ತೋರಿಸ್ತಾರೆ. ಅದನ್ನೇ ಪುಡಿ ಮಾಡಿ ಹಾಕಿದರೆ ನಡೀತದಾ?


ತೂಕದಕಲ್ಲು (ಬೀದರ್)

ನಡೀತದ, ಆದ್ರ ಅಷ್ಟಕ್ಕ ಅಷ್ಟೇ ಅಲ್ಲ. ಎರಡೂ ಮರಗೆಣಸಿಂದೇ ಖರೆ. ಸಾಬೂದಾಣಿ ಮಾಡೋ ಮುಂದ ಕಾಳಿಗೆ ಬಿಸಿ ಕೊಟ್ಟಿರ್ತಾರ, ಅರ್ಧ ಬೆಂದಿರ್ತದ, ಅದಕ್ಕ ನೀರು ಜಾಸ್ತಿ ಕುಡೀತದ. 100ರ ಬದಲಿ 70 ಗ್ರಾಂ ಸಾಬೂದಾಣಿ ಪುಡಿ, 30 ಅಕ್ಕಿ ಹಿಟ್ಟು ಹಾಕ್ರಿ. ಮಿಕ್ಸ್ಯಾಗ ಪೂರಾ ಮೈದಾದಂಗ ನುಣ್ಣಗ ಆಗಬೇಕು, ಸಾಣಿಗಿ ಹಿಡೀರಿ, ಒಂದು ಕಾಳು ಉಳಿದ್ರೂ ಬ್ರೆಡ್ಡಿನಾಗ ಗಾಜಿನ ಮಣಿ ಹಂಗ ಸಿಗ್ತದ.

ಕಾರ್ನ್ ಫ್ಲೋರ್ ಆದ್ರ 100ಕ್ಕ 100 ಹಾಕ್ರಿ, ತುಸು ಒಣ ಒಣ ಬರ್ತದ. ಅಂಗಡ್ಯಾಗ ಕಾರ್ನ್ ಫ್ಲೋರ್ ಅಂತ ಮಾರೋದು ಬೆಳ್ಳಗ, ಕೈಯಾಗ ಹಿಡದ್ರ ಕಿರಕಿರ ಅನ್ನೋ ಪಿಷ್ಟ. ಹಳದಿ ಮೆಕ್ಕಿಜೋಳದ ಹಿಟ್ಟು ಬೇರೆ, ಅದು ಇಲ್ಲಿ ಕೆಲಸಕ್ಕ ಬರಂಗಿಲ್ಲ.


ಹರವಿನೀರು (ಸೇಡಂ)

ಉಬ್ಬಿಸೋ ಬಗ್ಗೆ. ಪುಸ್ತಕಗಳಲ್ಲಿ "ಬೆಚ್ಚಗಿನ ಜಾಗದಲ್ಲಿ ಒಂದು ತಾಸು" ಅಂತ ಬರೆದಿರೋದು ಚಳಿ ದೇಶದ ಲೆಕ್ಕ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಹೊರಗೆ 42 ಇರುವಾಗ ಅಡುಗೆಮನೆಯೇ 37, 38 ಇರುತ್ತದೆ. ಅಲ್ಲಿ 25ರಿಂದ 30 ನಿಮಿಷಕ್ಕೆ ಕೆಲಸ ಮುಗಿಯಿತು. ಒಂದು ತಾಸು ಬಿಟ್ಟರೆ ಹುಳಿ ವಾಸನೆ, ದೊಡ್ಡ ದೊಡ್ಡ ಗುಳ್ಳೆ, ಆಮೇಲೆ ಕುಸಿತ. 26, 28 ಡಿಗ್ರಿ ಇದ್ದರೆ ಮಾತ್ರ ಒಂದು ತಾಸಿನ ಲೆಕ್ಕ ಸರಿ.

"ಬೆಚ್ಚಗಿನ ನೀರು" ಅನ್ನೋದನ್ನೂ ಬೇಸಿಗೆಯಲ್ಲಿ ಮರೆತುಬಿಡಿ. ಮಧ್ಯಾಹ್ನ ಟ್ಯಾಂಕಿನ ನಲ್ಲಿ ಬಿಟ್ಟರೆ ಕೈ ಸುಡುವ ನೀರು ಬರುತ್ತದೆ. ಹರವಿ (ಮಣ್ಣಿನ ಮಡಕೆ) ನೀರು ತಗೊಳ್ಳಿ. ಹಿಟ್ಟು 38 ಇದ್ದು ನೀರು 23 ಇದ್ದರೆ ಕಲಸಿದ ಮೇಲೆ 27ರ ಹತ್ತಿರ ನಿಲ್ಲುತ್ತದೆ. ನಮಗೆ ಬೇಕಾದ್ದು ಅಷ್ಟೇ. ನೀರಿಗೆ ಹಿಟ್ಟಿಗಿಂತ ತಂಪು ಹಿಡಿದಿಡುವ ಶಕ್ತಿ ಹೆಚ್ಚು, ಹಾಗಾಗಿ ಐಸ್ ಹಾಕೋ ಗೋಜು ಬೇಕಿಲ್ಲ. ಟಿನ್ನನ್ನು ಎರಡು ಬೆರಳು ತಣ್ಣೀರು ಇರುವ ಪರಾತದಲ್ಲಿ ಇಟ್ಟು, ಮೇಲೆ ಒದ್ದೆ ಬಟ್ಟೆ ತಾಗದಂತೆ ಮುಚ್ಚಿದರೆ 45 ನಿಮಿಷದವರೆಗೂ ಎಳೆಯಬಹುದು, ರುಚಿಯೂ ಚೆನ್ನಾಗಿ ಬರುತ್ತದೆ.

ಡಿಸೆಂಬರ್‌ನಲ್ಲಿ ಬೀದರಿನವರಿಗೆ ತೊಂದರೆ ಉಲ್ಟಾ. ಬಂದ್ ಇರುವ ಓಟಿಜಿಯಲ್ಲಿ ಟಿನ್ನು ಇಟ್ಟು ಪಕ್ಕಕ್ಕೆ ಒಂದು ಪಾತ್ರೆ ಕುದಿನೀರು ಇಡಿ.


ಬಿಳಿಜೋಳ (ಕಲಬುರಗಿ)

ಎಲ್ಲರಿಗೂ ಶರಣು. ಓವನ್ ಬಗ್ಗೆಯೂ ಹೀಗೇ ಬಿಡಿಸಿ ಹೇಳ್ರಿ. 28 ಲೀಟರ್ ಓಟಿಜಿ, ಫ್ಯಾನ್ ಇಲ್ಲ.


ತೂಕದಕಲ್ಲು (ಬೀದರ್)

28 ಲೀಟರ್ ಸಾಕು. ಮೊದಲ ಓವನ್ ಒಳಗ ಇಡೋ ಥರ್ಮಾಮೀಟರ್ ಒಂದು ತರ್ರಿ. ಗುಂಡಿ 200ಕ್ಕ ತಿರುವಿದ್ರೂ ಒಳಗ 175 ಇರೋದು ಭಾಳ ಮಾಮೂಲು, ಅದೂ ಬ್ಯಾಸಿಗ್ಯಾಗ ಸಂಜಿಗೆ ಕರೆಂಟ್ ವೋಲ್ಟೇಜ್ ಇಳಿದಾಗ. ಬೆಳಗ್ಗೆ ಲಗೂನ ಬೇಯಿಸೋದು ಚಲೋ.

ಎರಡೂ ರಾಡ್ ಹಚ್ಚಿ 220ಕ್ಕ 20 ನಿಮಿಷ ಕಾಯಿಸ್ರಿ. ಟಿನ್ನು ಕೆಳಗಿಂದ ಎರಡನೇ ಮೆಟ್ಟಲಕ್ಕ, ಬ್ರೆಡ್ಡಿನ ತಲಿ ಮ್ಯಾಲಿನ ರಾಡಿಂದ ಒಂದು ಗೇಣು ದೂರ ಸಿಗ್ತಿದ್ರ ಭಾಳ ಚಲೋ, ಇಲ್ಲಂದ್ರ ನಾಕು ಬೆರಳಾದ್ರೂ ಇರಲಿ. ಇಟ್ಟ ಕೂಡ್ಲೇ 200ಕ್ಕ ಇಳಿಸ್ರಿ. 45 ನಿಮಿಷ. ನಡುವ ಮ್ಯಾಲ ಕಪ್ಪಾಗ್ಲಿಕ್ಕೆ ಹತ್ತಿದ್ರ ಫಾಯಿಲ್ ಹೊದಿಸ್ರಿ, ಆದ್ರ ಮೊದಲ 25 ನಿಮಿಷ ಬಾಗಿಲ ತೆಗೀಬ್ಯಾಡ್ರಿ. ಆಮ್ಯಾಲ ಟಿನ್ನಿಂದ ಹೊರಗ ತೆಗೆದು ಬರೇ ಬ್ರೆಡ್ಡು ಜಾಳಗಿ ಮ್ಯಾಲ ಇಟ್ಟು 180ಕ್ಕ ಮತ್ತ 20 ನಿಮಿಷ. ತಳದ ಅಂಟು ಹೋಗೋದು ಈ 20 ನಿಮಿಷದಾಗ. ಇದನ್ನ ಬಿಟ್ರ ಉಳಿದದ್ದೆಲ್ಲಾ ಸರಿ ಮಾಡಿದ್ರೂ ತಳ ಹಸಿನೇ.

ಬೆಂದದ್ದು ಗೊತ್ತಾಗೋದು ಎರಡು ಥರ. ಚುಚ್ಚೋ ಥರ್ಮಾಮೀಟರ್ ಇದ್ರ ನಡು 96, 97 ತೋರಿಸಬೇಕು. ಇಂಗ್ಲಿಷಿನಾಗ ಬರೆದ ಕೆಲವು ಅಳತಿಯಾಗ 99 ಅಂತಾರ. ಬೀದರ್ 600 ಮೀಟರ್ ಎತ್ತರದ ಮ್ಯಾಲದ, ಇಲ್ಲಿ ನೀರೇ 98ಕ್ಕ ಕುದೀತದ. 99 ಬರ್ಲಿ ಅಂತ ಕಾದ್ರ ಇದ್ದಿಲಾಗ್ತದ. ಕಲಬುರಗಿ ನಮಗಿಂತ ತಗ್ಗು, ಅರ್ಧ ಡಿಗ್ರಿ ಫರಕು, ಅಷ್ಟೇ.

ಅದಿಲ್ಲಂದ್ರ ತಕ್ಕಡಿ. ಮ್ಯಾಲಿನ ಅಳತಿ ಎಲ್ಲಾ ಕೂಡಿಸಿದ್ರ 824 ಗ್ರಾಂ ಹಸಿ ಹಿಟ್ಟು. ಬೆಂದ ಬ್ರೆಡ್ಡು 700ರಿಂದ 715 ತೂಗಬೇಕು. 750 ಇದ್ರ ಒಳಗ ಇನ್ನ ನೀರು ಕುಂತದ, ಹೊಳ್ಳಿ ಹತ್ತು ನಿಮಿಷ ಇಡ್ರಿ. ಕಡ್ಡಿ ಚುಚ್ಚಿ ನೋಡೋದು ಕೇಕಿಗೆ ಸರಿ, ಇದಕ್ಕ ಸುಳ್ಳು ಹೇಳ್ತದ. ಲೋಳಿ ಕಡ್ಡಿಗೆ ಹತ್ತೇ ಹತ್ತತದ, ಬೆಂದಿದ್ರೂ.


ಹೊಸಒಲೆ (ಬಸವಕಲ್ಯಾಣ)

ಓವನ್ ಇಲ್ಲದವರು ಕುಕ್ಕರಿನಾಗ?


ತೂಕದಕಲ್ಲು (ಬೀದರ್)

ಇಷ್ಟು ದೊಡ್ಡ ಬ್ರೆಡ್ಡು ಬ್ಯಾಡ್ರಿ. ಕುಕ್ಕರಿನಾಗ ಮ್ಯಾಲಿನ ಬಿಸಿ ಸಿಗಂಗಿಲ್ಲ, ಉಗಿ ಹೊರಗ ಹೋಗಂಗಿಲ್ಲ, ತಲಿ ಬೆಳ್ಳಗ ಒದ್ದಿ ಉಳೀತದ. ಅದೇ ಹಿಟ್ಟು 90 ಗ್ರಾಮಿನ ಬನ್ನು ಮಾಡಿ ದಪ್ಪ ತಳದ ಪಾತ್ರ್ಯಾಗ ಇಟ್ಟು ಮುಚ್ಚಿ ಸಣ್ಣ ಉರಿಗೆ ಎರಡೂ ಮಗ್ಗಲ 15, 15 ನಿಮಿಷ ಬೇಯಿಸ್ರಿ, ಅದು ಆಗ್ತದ.


ಬಿಳಿಜೋಳ (ಕಲಬುರಗಿ)

ಎಸರಿನ ಪದ್ಧತಿ, ಇಸಬ್ಗೋಲ್ 14, ಯೀಸ್ಟ್ 5, ಹರವಿ ನೀರು. 32 ನಿಮಿಷ ಉಬ್ಬಿಸಿ ಇಟ್ಟಾಯ್ತು. ಹಸಿ 822, ಬೆಂದದ್ದು 712. ನಾಲ್ಕು ತಾಸು ಆರಿಸಿ ಕೊಯ್ದರೆ ತಳದಲ್ಲಿ ಅಂಟಿಲ್ಲ, ಸಣ್ಣ ಕಣ್ಣು ಸಮವಾಗಿ ಬಂದಿವೆ, ಹೋಳು ಬಾಗಿಸಿದರೆ ಬಾಗ್ತದೆ.

ಎರಡು ದೂರು. ಒಂದು, ಮೇಲಿನ ಸಿಪ್ಪೆ ಮಾತ್ರ ಎದ್ದು ನಿಂತು ಅದರ ಕೆಳಗೆ ಉದ್ದಕ್ಕೂ ಬೆರಳು ತೂರುವಷ್ಟು ಪೊಳ್ಳು. ಎರಡು, ಒಳಗಿನ ಬಣ್ಣ ನೇರಳೆ ಕಡೆಗೆ ತಿರುಗಿದೆ.


ಹರವಿನೀರು (ಸೇಡಂ)

ನೇರಳೆ ಬಣ್ಣ ಇಸಬ್ಗೋಲಿಂದ. ಕೆಲವು ಕಂಪನಿಯದು ಬೆಂದರೆ ಹಾಗೆ ತಿರುಗುತ್ತದೆ, ಕೆಟ್ಟಿದ್ದಲ್ಲ. ಬೇರೆ ಕಂಪನಿಯದು ತಂದು ನೋಡಿ.

ಪೊಳ್ಳಿಗೆ ಕಾರಣ ಮೇಲ್ಮೈ ಒಣಗಿದ್ದು. ಬೇಸಿಗೆಯ ಒಣ ಗಾಳಿಗೆ ಅರ್ಧ ತಾಸಿನಲ್ಲಿ ಮೇಲೆ ಹಪ್ಪಳದಂತೆ ಪೊರೆ ಕಟ್ಟುತ್ತದೆ. ಒಳಗಿನ ಹಬೆ ಅದನ್ನೇ ಎತ್ತಿ ನಿಲ್ಲಿಸುತ್ತದೆ, ಕೆಳಗಿನ ಹಿಟ್ಟು ಆಮೇಲೆ ಇಳಿದರೂ ಸಿಪ್ಪೆ ಇಳಿಯಲ್ಲ. ಉಬ್ಬಲು ಇಟ್ಟಾಗ ಬಟ್ಟೆ ಬದಲು ಪಾತ್ರೆ ಕವುಚಿ ಮುಚ್ಚಿ. ಓವನ್ನಿಗೆ ಇಡುವ ಮುಂಚೆ ನೀರು ಸವರಿ, ಒದ್ದೆ ಚಾಕುವಿನಿಂದ ಉದ್ದಕ್ಕೆ ಒಂದು ಸೆಂ.ಮೀ. ಆಳದ ಗೀರು ಹಾಕಿ. ಹಬೆಗೆ ದಾರಿ ಸಿಗುತ್ತದೆ. ಮೇಲಿನ ರಾಡು ಜೋರಿದ್ದರೂ ಹೀಗಾಗುತ್ತದೆ, ಮೊದಲ 15 ನಿಮಿಷ ಕೆಳಗಿನ ರಾಡು ಮಾತ್ರ ಹಚ್ಚಿ ನೋಡಬಹುದು.


ಭೀಮಾತೀರ (ಯಾದಗಿರಿ)

ಜೋಳದ ಬದಲು ಸಜ್ಜೆ, ರಾಗಿ, ನವಣೆ ಎಷ್ಟರವರೆಗೆ ಹಾಕಬಹುದು? ಬೇಳೆ ಹಿಟ್ಟು?


ತೂಕದಕಲ್ಲು (ಬೀದರ್)

ನವಣಿ ಎಷ್ಟು ಬೇಕಾದ್ರೂ ಹಾಕ್ರಿ, ಅಕ್ಕಿ ಹಿಟ್ಟಿನ ಜಾಗಕ್ಕ ಚಲೋ ಕೂಡ್ತದ. ರಾಗಿ 80 ಗ್ರಾಂ ದಾಟಿದ್ರ ಬ್ರೆಡ್ಡು ಭಾರ ಆಗಿ ಕೂಡ್ತದ. ಸಜ್ಜಿ 60, 70 ತನಕ ಸರಿ, ಆದ್ರ ಅದರಾಗ ಎಣ್ಣಿ ಅಂಶ ಜಾಸ್ತಿ, ಬೀಸಿದ ಹಿಟ್ಟು ಬ್ಯಾಸಿಗ್ಯಾಗ ವಾರದಾಗ ಕಹಿ ಆಗ್ತದ. ಬೇಕಾದಷ್ಟೇ ಬೀಸ್ರಿ.

ಕಡ್ಲಿ ಹಿಟ್ಟು 30 ಗ್ರಾಂ, ಜೋಳದಾಗ ಅಷ್ಟು ಕಡಿಮಿ ಮಾಡಿ ಹಾಕಿದ್ರ ಬಣ್ಣ ಚಲೋ ಬರ್ತದ, ಹೋಳು ಗಟ್ಟಿ ನಿಲ್ತದ. 40 ದಾಟಿದ್ರ ಹಸಿ ವಾಸನಿ. ತೊಗರಿ ನಾಡಿನಾಗ ಇದ್ದು ತೊಗರಿ ಹಾಕಬಾರದೇನು ಅಂತ ಕೇಳ್ತಾರ. ಹಾಕಬಹುದು, ಬೇಳಿ ಹುರಿದು ಬೀಸಿ 25 ಗ್ರಾಂ. ಯಾವ ಬೇಳಿ ಆದ್ರೂ ಮಿಕ್ಸ್ಯಾಗೇ ಬೀಸ್ರಿ, ತಯಾರು ಹಿಟ್ಟು ಅಂದ್ರ ಹೊಳ್ಳಿ ಗಿರಣಿ ಕಥಿ.

ತತ್ತಿ ತಿನ್ನೋರು ಒಂದು ತತ್ತಿಯ ಬಿಳಿ ಹಾಕಿ ನೀರು 30 ಕಡಿಮಿ ಮಾಡ್ರಿ, ಎತ್ತರ ಒಂದು ಬೆರಳು ಜಾಸ್ತಿ ಬರ್ತದ.


ಬಿಳಿಜೋಳ (ಕಲಬುರಗಿ)

ಕಡೇ ಪ್ರಶ್ನೆ. ಎಷ್ಟು ದಿನ ಇಡಬಹುದು? ಫ್ರಿಜ್ಜಿನಲ್ಲಿಟ್ಟ ಅರ್ಧ ಬ್ರೆಡ್ಡು ಮರುದಿನಕ್ಕೆ ಕಟ್ಟಿಗೆಯಂತಾಗಿದೆ.


ಹರವಿನೀರು (ಸೇಡಂ)

ಫ್ರಿಜ್ಜು ಬೇಡವೇ ಬೇಡ. ಬೆಂದ ಪಿಷ್ಟ ಬೇಗ ಬಿರುಸಾಗೋದು ಫ್ರಿಜ್ಜಿನ ತಂಪಿನಲ್ಲೇ. ಉಳಿದ ಅನ್ನ ಫ್ರಿಜ್ಜಿನಲ್ಲಿ ಕಾಳು ಕಾಳು ಆಗೋದು ಇದೇ ಕಾರಣಕ್ಕೆ. ಹೊರಗೆ ಬೇಸಿಗೆಯಲ್ಲಿ ಒಂದೂವರೆ ದಿನ, ಬಟ್ಟೆಯಲ್ಲಿ ಸುತ್ತಿ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಎರಡನೇ ದಿನವೇ ಬೂಸು, ಇದರಲ್ಲಿ ನೀರಿನಂಶ ಜಾಸ್ತಿ.

ಉಳಿದದ್ದನ್ನು ಪೂರ್ತಿ ಆರಿದ ದಿನವೇ ಹೋಳು ಮಾಡಿ, ಹೋಳಿನ ನಡುವೆ ಬಟರ್ ಪೇಪರ್ ಇಟ್ಟು ಫ್ರೀಜರಿಗೆ ಹಾಕಿ. ಮೂರು ವಾರ ಏನೂ ಆಗಲ್ಲ. ತೆಗೆದವರು ಕರಗಲು ಕಾಯದೆ ಹಾಗೇ ಬಿಸಿ ಹಂಚಿನ ಮೇಲೆ ಹಾಕಿ, ಒಂದೊಂದು ಮಗ್ಗುಲು ಎರಡು ನಿಮಿಷ. ಗೋಧಿ ಚಪಾತಿ ಬೇಯಿಸೋ ಹಂಚು ಅಲ್ಲ, ಬೇರೆಯದು.


ಎಸರು (ಕಲಬುರಗಿ)

ಕಟ್ಟಿಗಿ ಆದ ಅರ್ಧ ಚೆಲ್ಲಬ್ಯಾಡ್ರಿ, ಅಕ್ಕಾರ. ಪುಡಿ ಮಾಡಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಒಗ್ಗರಣಿ ಕೊಟ್ರ ಉಪ್ಪಿಟ್ಟು. ಮ್ಯಾಲ ಶೇಂಗಾ ಹಿಂಡಿ. ಒಗ್ಗರಣಿಗೆ ಇಂಗು ಹಾಕೋದಾದ್ರ ಡಬ್ಬಿ ಓದಿ.